ರೆಕ್ಕೆಯೂ ಬೇಡ, ಬೇಲಿಯೂ ಬೇಡ

ಹೈದರಾಬಾದಿನಲ್ಲಿ ನೆಲೆ ನಿಂತ ಕನ್ನಡಿಗರಲ್ಲಿ ನಿವೃತ್ತಿಯ ಹೊಸ್ತಿಲಿಗೆ ಬಂದ ಇಬ್ಬರು ಎದುರಾದರೆ ಮಾತು ಮೊದಲು ಸಕ್ಕರೆ ಕಾಯಿಲೆಗೆ, ಆಮೇಲೆ ಮಕ್ಕಳ ಅಮೆರಿಕಕ್ಕೆ, ಕೊನೆಗೆ ಜಾಗಕ್ಕೆ ಬಂದು ನಿಲ್ಲುತ್ತದೆ. ಶಾದನಗರದ ಬಳಿ ಇನ್ನೂರು ಗಜ, ಸದಾಶಿವಪೇಟೆಯ ದಾರಿಯಲ್ಲಿ ಮುನ್ನೂರು ಗಜ, ಊರಕಡೆ ಧಾರವಾಡದಲ್ಲೋ ಬೆಂಗಳೂರಿನ ಹೊರವಲಯದಲ್ಲೋ ಒಂದು ಸೈಟು. ಇಷ್ಟಿದ್ದರೆ ಆತ ಬದುಕಿನಲ್ಲಿ ಗೆದ್ದವನು. ಇಲ್ಲದವನತ್ತ ನಮ್ಮವರು ಬೀರುವ ನೋಟದಲ್ಲಿ ಕನಿಕರ ಬೆರೆತಿರುತ್ತದೆ.

ಈಚೆಗೆ ಈ ಮಾತಿನ ನಡುವೆ ಹೊಸದೊಂದು ವಿಷಯ ನುಸುಳಿದೆ. ಮಗನೋ ಅಳಿಯನೋ ಹೇಳಿದನೆಂದು ಒಬ್ಬರು ಆರಂಭಿಸುತ್ತಾರೆ: ನಾಲ್ಕು ಸೀಟಿನ ತರಬೇತಿ ವಿಮಾನವೊಂದನ್ನು ಹತ್ತು ಜನ ಸೇರಿ ಕೊಳ್ಳುವುದು, ಹಾರಾಟ ಶಾಲೆಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಿಡುವುದು. ದೇಶದಲ್ಲಿ ಪೈಲಟ್‌ಗಳಿಗೆ ಕೊರತೆ ಇರುವುದರಿಂದ ಹಣ ಬಂದೇ ಬರುತ್ತದಂತೆ. ನಮ್ಮ ಬಡಾವಣೆಯ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ನೀವು ಸರಕಾರದ ಲೆಕ್ಕಪತ್ರ ನೋಡಿದವರು ರಾಯರೇ, ಹೇಳಿ. ಗ್ರಾಚ್ಯುಟಿ ಹಣವನ್ನು ಜಾಗಕ್ಕೆ ಹಾಕಲೋ, ವಿಮಾನಕ್ಕೆ ಹಾಕಲೋ?" ಎಂದು ಕೇಳಿದರು. ಎರಡಕ್ಕೂ ಬೇಡ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಅವರಂಥವರು ನಮ್ಮಲ್ಲಿ ಅನೇಕರಿರುವುದರಿಂದ ಉತ್ತರವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಕೆಲವರಿಗೆ ಇದು ಕಹಿಯಾದೀತು. ಆಗಲಿ.

ವಾಸಕ್ಕೆ ಬೇಕಾದ ಒಂದು ಮನೆಯ ಮಾತು ಬೇರೆ. ಅದು ಅನ್ನ ಬಟ್ಟೆಗಳ ಸಾಲಿನದು, ಅದಕ್ಕೆ ಲಾಭನಷ್ಟದ ಲೆಕ್ಕ ಹಾಕುವವನು ಮೂರ್ಖ. ನನ್ನ ತಕರಾರು ಎರಡನೆಯ ಫ್ಲಾಟಿನ ಮೇಲೆ, ಮೂರನೆಯ ಪ್ಲಾಟಿನ ಮೇಲೆ, ಮತ್ತು ಆ ಹತ್ತನೆಯ ಒಂದು ಪಾಲು ವಿಮಾನದ ಮೇಲೆ.

ನೌಕರಿಯಲ್ಲಿರುವ ನನ್ನಂಥವರಿಗೆ ಇಲ್ಲೊಂದು ವಿನೋದವೂ ಉಂಟು. 1964ರ ಕೇಂದ್ರ ನಾಗರಿಕ ಸೇವಾ ನಡತೆ ನಿಯಮಗಳ 18ನೆಯ ನಿಯಮದಂತೆ ನಾವು ಕೊಂಡ ಸ್ಥಿರಾಸ್ತಿಯನ್ನೂ, ಒಂದು ಮಿತಿಗೆ ಮೇಲ್ಪಟ್ಟ ಚರಾಸ್ತಿಯನ್ನೂ ಸರಕಾರಕ್ಕೆ ತಿಳಿಸಬೇಕು. ಚರಾಸ್ತಿ ಎಂದರೇನು ಎಂಬ ವಿವರಣೆಯಲ್ಲಿ ಮೋಟಾರು ಕಾರು, ಮೋಟಾರು ಸೈಕಲ್ಲು, ಕುದುರೆ ಮತ್ತು ಇತರ ಯಾವುದೇ ವಾಹನ ಎಂದಿದೆ. ವಿಮಾನ ಕೊಂಡ ಅಧಿಕಾರಿ ಅದನ್ನು ಕುದುರೆಯ ಪಕ್ಕದಲ್ಲಿ ನಮೂದಿಸಬೇಕು. ನಿಯಮ ಬರೆದವರು ನಮ್ಮ ಕಾಲವನ್ನು ಊಹಿಸಿರಲಿಲ್ಲ, ಆದರೂ ಸರಿಯಾಗಿಯೇ ಬರೆದಿದ್ದಾರೆ. ವಿಮಾನವೂ ಕುದುರೆಯಂತೆ ನಿಂತಲ್ಲೇ ಹುಲ್ಲು ತಿನ್ನುವ ಪ್ರಾಣಿ.

ಜಾಗ ಮೇಲೋ ವಿಮಾನ ಮೇಲೋ ಎಂಬ ಪ್ರಶ್ನೆಗೆ ನಮ್ಮ ಕಣ್ಣೆದುರಿಗೇ ಒಂದು ದೊಡ್ಡ ಪ್ರಯೋಗ ನಡೆದುಹೋಗಿದೆ, ಅದೂ ಕನ್ನಡ ನಾಡಿನ ಉದ್ಯಮಿಯೊಬ್ಬರ ಆಸ್ತಿಯ ಮೇಲೆ. ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. ಆಮೇಲೆ ಸಾಲ ಕೊಟ್ಟ ಬ್ಯಾಂಕುಗಳೂ ಬಾಕಿ ವಸೂಲಿಗೆ ನಿಂತ ಸೇವಾ ತೆರಿಗೆ ಇಲಾಖೆಯೂ ಆಸ್ತಿಗಳನ್ನು ಹರಾಜಿಗೆ ತಂದವು. ವಿಜಯ್ ಮಲ್ಯ ಬಳಸುತ್ತಿದ್ದ ಏರ್‌ಬಸ್ 319 ವಿಮಾನಕ್ಕೆ 2016ರಲ್ಲಿ ಇಟ್ಟ ಮೀಸಲು ಬೆಲೆ 152 ಕೋಟಿ ರೂಪಾಯಿ. ಆ ವರ್ಷ ಬಂದ ಕೂಗು ಒಂದು ಕೋಟಿಯ ಆಸುಪಾಸಿನದು. ಹರಾಜಿನ ಮೇಲೆ ಹರಾಜು ಬಿದ್ದುಹೋಗಿ, ವಿಮಾನ ಮುಂಬೈ ನಿಲ್ದಾಣದಲ್ಲಿ ಜಾಗ ಹಿಡಿದು ನಿಂತು, ಕೊನೆಗೆ 2018ರ ಜೂನ್‌ನಲ್ಲಿ ಅಮೆರಿಕದ ಕಂಪನಿಯೊಂದಕ್ಕೆ 35 ಕೋಟಿಗೂ ತುಸು ಕಡಿಮೆಗೆ ಹೋಯಿತು. ಕಾಲು ಭಾಗವೂ ಬರಲಿಲ್ಲ.

"ನೋಡಿದಿರಾ, ಅದಕ್ಕೇ ಜಾಗ ಮೇಲು ಅನ್ನುವುದು" ಎಂದು ಹಿಗ್ಗುವವರು ಸ್ವಲ್ಪ ತಡೆಯಬೇಕು. ಅದೇ ಸಂಸ್ಥೆಯ ಮುಖ್ಯ ಕಚೇರಿ ಕಿಂಗ್‌ಫಿಷರ್ ಹೌಸ್ ಮುಂಬೈಯ ವಿಲೇ ಪಾರ್ಲೆಯಲ್ಲಿ, ವಿಮಾನ ನಿಲ್ದಾಣದ ಮಗ್ಗುಲಲ್ಲಿತ್ತು. 2016ರಲ್ಲಿ ಅದಕ್ಕೆ ಇಟ್ಟ ಮೀಸಲು ಬೆಲೆ 150 ಕೋಟಿ. ಭಾರತದಲ್ಲಿ ಜಾಗಕ್ಕೆ ಎಲ್ಲಿಯಾದರೂ ಬೆಲೆಯಿದ್ದರೆ ಅಲ್ಲಿರಬೇಕು ತಾನೆ? ಹರಾಜು ಹಲವು ಬಾರಿ ಬರಿಗೈಯಲ್ಲಿ ಮುಗಿಯಿತು. 2021ರಲ್ಲಿ ಅದು 52 ಕೋಟಿ ಚಿಲ್ಲರೆಗೆ ಮಾರಾಟವಾಯಿತು, ಕೊಂಡದ್ದು ನಮ್ಮ ಹೈದರಾಬಾದಿನದೇ ಒಂದು ರಿಯಲ್ ಎಸ್ಟೇಟ್ ಕಂಪನಿ. ಮೂರನೆಯ ಒಂದು ಪಾಲಿಗಿಂತ ಎಳ್ಳಷ್ಟು ಹೆಚ್ಚು. ಗೋವೆಯ ವಿಲ್ಲಾ ಒಂದೇ ಮರ್ಯಾದೆಯಿಂದ ಹೋದದ್ದು: 85 ಕೋಟಿ ಕೇಳಿದ್ದು ಮರುವರ್ಷ 73 ಕೋಟಿಗೆ. ಮೀಸಲು ಬೆಲೆಯೇ ನಿಜವಾದ ಬೆಲೆಯಲ್ಲ ಎಂಬುದನ್ನು ಬಲ್ಲೆ. ವ್ಯಾಜ್ಯದ ಆಸ್ತಿ ಯಾವಾಗಲೂ ಅಗ್ಗ ಎಂಬುದನ್ನೂ ಬಲ್ಲೆ. ಆದರೂ ಕೇಳಿಕೊಳ್ಳಿ, ಮೂರರಲ್ಲಿ ಅದೊಂದೇ ಏಕೆ ಉಳಿಯಿತು? ಸಮುದ್ರದ ದಂಡೆಯ ಆ ಮನೆಯನ್ನು ಬಳಸುತ್ತೇನೆ ಎನ್ನುವವನೊಬ್ಬ ಇದ್ದ. ಬಳಸುವವನಿದ್ದರೆ ಬೆಲೆ. ಅವನು ಎದ್ದುಹೋದರೆ ರೆಕ್ಕೆ ಇದ್ದದ್ದೂ ಗೋಡೆ ಇದ್ದದ್ದೂ ಒಂದೇ ಹಳ್ಳಕ್ಕೆ ಬೀಳುತ್ತವೆ.

ಇನ್ನು ಹಗುರ ವಿಮಾನದ ಮಾತು. ಅದರ ಮೇಲೆ ನನಗೆ ದ್ವೇಷವಿಲ್ಲ. ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಕಟ್ಟಿದ ಪುಷ್ಪಕ ದೇಶದ ಹಾರಾಟ ಸಂಘಗಳಲ್ಲಿ ಎಷ್ಟು ಹುಡುಗರಿಗೆ ರೆಕ್ಕೆ ಮೂಡಿಸಿತೋ. ಅದೇ ಊರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಎರಡು ಸೀಟಿನ ಹಂಸ 1993ರಲ್ಲಿ ಮೊದಲು ಹಾರಿದಾಗ ಕನ್ನಡಿಗನಾಗಿ ನಾನೂ ಹೆಮ್ಮೆಪಟ್ಟವನು. ಆದರೆ ಹೆಮ್ಮೆ ಬೇರೆ, ಹೂಡಿಕೆ ಬೇರೆ. ತರಬೇತಿಗೆ ಬಳಕೆಯಾಗುವ ಸೆಸ್ನಾ 172 ವಿಮಾನವನ್ನೇ ತೆಗೆದುಕೊಳ್ಳಿ. ಅದರ ಎಂಜಿನ್ನಿಗೆ ತಯಾರಕರು ಹೇಳುವ ಆಯುಷ್ಯ ಸುಮಾರು 2000 ಗಂಟೆ, ಆಮೇಲೆ ಪೂರ್ತಿ ಬಿಚ್ಚಿ ಕಟ್ಟಬೇಕು. ನೂರು ಗಂಟೆಗೊಮ್ಮೆ ತಪಾಸಣೆ. ಪರವಾನಗಿಯುಳ್ಳ ಎಂಜಿನಿಯರನ ಸಂಬಳ, ಹ್ಯಾಂಗರಿನ ಬಾಡಿಗೆ, ವಿಮೆ, ಪ್ರತಿವರ್ಷದ ಹಾರಾಟಯೋಗ್ಯತೆಯ ಪ್ರಮಾಣಪತ್ರ ಇವೆಲ್ಲ ವಿಮಾನ ಹಾರಿದರೂ ಹಾರದಿದ್ದರೂ ಬರುವ ಖರ್ಚು. ವಾಣಿಜ್ಯ ಪೈಲಟ್ ಪರವಾನಗಿಗೆ ಒಬ್ಬ ವಿದ್ಯಾರ್ಥಿ 200 ಗಂಟೆ ಹಾರಬೇಕು. ನಾಲ್ವರು ವಿದ್ಯಾರ್ಥಿಗಳೆಂದರೆ 800 ಗಂಟೆ. ವರ್ಷಕ್ಕೆ ಅಷ್ಟು ಹಾರಿದರೆ ಎಂಟು ತಪಾಸಣೆ, ಎರಡೂವರೆ ವರ್ಷಕ್ಕೆ ಎಂಜಿನ್ ಬಿಚ್ಚುವ ಖರ್ಚು. ಹಾರದಿದ್ದರೆ ಬಾಡಿಗೆ ಸೊನ್ನೆ. ಹುಡುಗನೊಬ್ಬ ಇಳಿಯುವಾಗ ಮೂಗಿನ ಚಕ್ರ ಮುರಿದನೆಂದರೆ ವಿಮಾನ ತಿಂಗಳುಗಟ್ಟಲೆ ನೆಲದ ಮೇಲೆ, ಬಿಡಿಭಾಗ ಹೊರದೇಶದಿಂದ ಬರಬೇಕು.

ಆದಾಯ ತೆರಿಗೆಯ 1962ರ ನಿಯಮಾವಳಿ ವಿಮಾನಕ್ಕೆ ವರ್ಷಕ್ಕೆ ಶೇ. 40ರಷ್ಟು ಸವಕಳಿ ಕೊಟ್ಟಿತ್ತು, ವಾಸದ ಕಟ್ಟಡಕ್ಕೆ ಶೇ. 5. ಆ ಲೆಕ್ಕದಲ್ಲಿ ನೂರು ರೂಪಾಯಿಯ ವಿಮಾನ ಐದು ವರ್ಷಕ್ಕೆ ಎಂಟು ರೂಪಾಯಿಗೆ ಇಳಿಯುತ್ತದೆ. ಪೇಟೆಯ ಬೆಲೆ ಹಾಗೆ ಇಳಿಯುವುದಿಲ್ಲವೆಂಬುದು ನಿಜ. ಸೆಸ್ನಾ ಕಂಪನಿ 1986ರಿಂದ ಹತ್ತು ವರ್ಷ ಇಂಥ ವಿಮಾನಗಳ ತಯಾರಿಕೆಯನ್ನೇ ನಿಲ್ಲಿಸಿತ್ತು. ಎಪ್ಪತ್ತರ ದಶಕದವು ಅಮೆರಿಕದಲ್ಲಿ ಇನ್ನೂ ಹಾರುತ್ತಿವೆ, ಒಳ್ಳೆಯ ಬೆಲೆಗೆ ಕೈ ಬದಲಾಗುತ್ತಿವೆ. ಅಲ್ಲಿ ಅವುಗಳನ್ನು ಸ್ವಂತಕ್ಕೆ ಹಾರಿಸುವವರಿದ್ದಾರೆ. ಮೆಹದೀಪಟ್ನಂನಲ್ಲಿ ಕೂತು ಹತ್ತನೆಯ ಒಂದು ಪಾಲು ಕೊಂಡ ನಿವೃತ್ತ ಲೆಕ್ಕಾಧಿಕಾರಿಗೆ ಅದರಿಂದ ಆಗಬೇಕಾದ್ದೇನು? ವಿಮಾನ ಬಾಡಿಗೆ ಕೊಡುವುದನ್ನೇ ಕಸುಬಾಗಿಸಿಕೊಂಡ ಹೊರದೇಶದ ಕಂಪನಿಗಳೇ 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಸಂಸ್ಥೆ ದಿವಾಳಿಯೆಂದು ಅರ್ಜಿ ಹಾಕಿದಾಗ ತಮ್ಮ ವಿಮಾನಗಳನ್ನು ಬಿಡಿಸಿಕೊಳ್ಳಲು ಸುಮಾರು ಒಂದು ವರ್ಷ ದೆಹಲಿ ಹೈಕೋರ್ಟಿನ ಬಾಗಿಲು ಕಾಯಬೇಕಾಯಿತು. ಅವರಿಗೆ ವಕೀಲರ ದಂಡಿತ್ತು. ನಮಗೇನಿದೆ?

ವಿಮಾನವನ್ನೇ ಕೊಳ್ಳದೆ ವಿಮಾನದ ಕಂಪನಿಯ ಷೇರು ಕೊಂಡವರ ಪಾಡನ್ನೂ ನೋಡಿದ್ದೇವೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥರು ಹೆಲಿಕಾಪ್ಟರಿನಿಂದ ಆರಂಭಿಸಿ 2003ರಲ್ಲಿ ಏರ್ ಡೆಕ್ಕನ್ ಕಟ್ಟಿದ ಸಾಹಸಕ್ಕೆ ನಾನು ಇಂದಿಗೂ ಕೈಮುಗಿಯುತ್ತೇನೆ. ಬಸ್ಸಿನಲ್ಲಿ ಓಡಾಡುತ್ತಿದ್ದವರನ್ನು ಅವರು ವಿಮಾನ ಹತ್ತಿಸಿದರು. ಆದರೆ 2006ರ ಮೇ ತಿಂಗಳಲ್ಲಿ ಡೆಕ್ಕನ್ ಏವಿಯೇಷನ್ ಷೇರು ಬಿಡುಗಡೆಯಾದಾಗ ನಮ್ಮೂರಿನವರದೆಂಬ ಅಭಿಮಾನದಿಂದ ಕೊಂಡವರ ಕೈಯಲ್ಲಿ ಏನುಳಿಯಿತು? ಮರುವರ್ಷ ಯು.ಬಿ. ಗುಂಪು ಬಂತು, 2008ರಲ್ಲಿ ವಿಲೀನವಾಯಿತು, ಕಂಪನಿಯ ಹೆಸರೇ ಕಿಂಗ್‌ಫಿಷರ್ ಎಂದಾಯಿತು, 2018ರಲ್ಲಿ ಆ ಷೇರನ್ನು ಷೇರುಪೇಟೆಯ ಪಟ್ಟಿಯಿಂದಲೇ ತೆಗೆದರು. ಪ್ರಯಾಣಿಕನಿಗೆ ಲಾಭ, ಹೂಡಿದವನಿಗೆ ಕಾಗದ.

ಇಷ್ಟು ಹೇಳಿದರೂ ವಿಮಾನಕ್ಕೆ ಒಂದು ಗುಣವನ್ನು ಒಪ್ಪಲೇಬೇಕು. ಅದು ಸುಳ್ಳು ಹೇಳುವುದಿಲ್ಲ. ಅದರ ಬೆನ್ನ ಮೇಲೆ ವಿ.ಟಿ. ಎಂದು ಆರಂಭವಾಗುವ ನೋಂದಣಿ ಅಕ್ಷರಗಳಿವೆ, ಹಾರಿದ ಪ್ರತಿ ಗಂಟೆಯೂ ದಿನಚರಿಯಲ್ಲಿ ದಾಖಲಾಗಿದೆ, ಅದರ ಯಜಮಾನ ಯಾರೆಂದು ನಾಗರಿಕ ವಿಮಾನಯಾನ ನಿರ್ದೇಶನಾಲಯಕ್ಕೆ ಗೊತ್ತು. ಹೈದರಾಬಾದಿನ ಸುತ್ತಲಿನ ಒಂದು ಎಕರೆ ನೆಲದ ಬಗ್ಗೆ ಇಷ್ಟನ್ನು ಎದೆ ತಟ್ಟಿ ಹೇಳಬಲ್ಲವರು ಯಾರಾದರೂ ಇದ್ದರೆ ಮುಂದೆ ಬರಲಿ.

ಏಕೆಂದರೆ ಇಲ್ಲಿಯ ನೆಲಕ್ಕೆ ಇತಿಹಾಸದ ಭಾರವಿದೆ. ನಿಜಾಮರ ಕಾಲದಲ್ಲಿ ಸರಕಾರದ ದಿವಾನಿ ಭೂಮಿ ಬೇರೆ, ನಿಜಾಮರ ಸ್ವಂತದ ಸರ್ಫೆ ಖಾಸ್ ಬೇರೆ, ಜಾಗೀರುಗಳು ಬೇರೆ, ಇನಾಮುಗಳು ಬೇರೆ. 1949ರಲ್ಲಿ ಜಾಗೀರುಗಳು ರದ್ದಾದವು, 1950ರಲ್ಲಿ ಗೇಣಿದಾರರ ಕಾನೂನು ಬಂತು, 1976ರಲ್ಲಿ ನಗರ ಭೂಮಿತಿ ಬಂತು. ಒಂದೊಂದು ಕಾನೂನೂ ಒಂದೊಂದು ಪದರ ವ್ಯಾಜ್ಯವನ್ನು ಬಿಟ್ಟುಹೋಯಿತು. ಮೂಲ ದಾಖಲೆಗಳು ಉರ್ದುವಿನಲ್ಲಿ, ನಂತರದವು ತೆಲುಗಿನಲ್ಲಿ. ಬೀದರ ಕಲಬುರಗಿ ರಾಯಚೂರಿನ ಕಡೆಯಿಂದ ಬಂದ ನಮ್ಮ ಹಿಂದಿನ ತಲೆಮಾರಿನವರು ಉರ್ದು ಓದಬಲ್ಲವರಾಗಿದ್ದರು, ಖಾಸ್ರಾ ಪಹಣಿ ಎಂದರೇನೆಂದು ಬಲ್ಲವರಾಗಿದ್ದರು. ನಾವು? ವರ್ಗವಾಗಿ ಬಂದವರು, ಕಂಪನಿಯ ಕೆಲಸಕ್ಕೆ ಬಂದವರು, ತೆಲುಗು ಮಾತಾಡುತ್ತೇವೆ, ಅಕ್ಷರ ಹೆಚ್ಚು ಕಡಿಮೆ ನಮ್ಮದರಂತೆಯೇ ಇರುವುದರಿಂದ ಬೋರ್ಡು ಓದುತ್ತೇವೆ. ಕ್ರಯಪತ್ರದ ಭಾಷೆ ಬೋರ್ಡಿನ ಭಾಷೆಯಲ್ಲ. ತಹಸೀಲ್ದಾರರ ಕಚೇರಿಯಲ್ಲಿ ನಮ್ಮ ಮಾವನಿಲ್ಲ, ಆ ಹಳ್ಳಿಯ ಚಾವಡಿಯಲ್ಲಿ ನಮ್ಮ ಪರವಾಗಿ ಬಾಯಿ ಬಿಡುವವರಿಲ್ಲ. ನಾಲ್ಕು ಮೂಲೆಗೆ ನೆಟ್ಟ ಕಲ್ಲು ಮಳೆಗಾಲ ಕಳೆದು ಹೋಗಿ ನೋಡಿದರೆ ಇರುವುದಿಲ್ಲ. ಜಾಗ ಎಲ್ಲಿಗೂ ಓಡಿಹೋಗುವುದಿಲ್ಲ ಎನ್ನುವವರು ಈ ಊರಿನ ಜಾಗವನ್ನು ಕಂಡವರಲ್ಲ.

ದಾಖಲೆಗಳ ಗೊಂದಲ ನೀಗಿಸಲೆಂದು ತೆಲಂಗಾಣ ಸರಕಾರ 2020ರಲ್ಲಿ ಧರಣಿ ಎಂಬ ವ್ಯವಸ್ಥೆ ತಂದಿತು. ಅದರ ಮೇಲೆ ದೂರುಗಳು ಬೆಟ್ಟದಷ್ಟಾಗಿ, 2025ರಲ್ಲಿ ಅದರ ಜಾಗಕ್ಕೆ ಭೂಭಾರತಿ ಬಂತು. ಐದು ವರ್ಷಕ್ಕೊಮ್ಮೆ ಭೂದಾಖಲೆಯ ಕ್ರಮವೇ ಬದಲಾಗುವ ನೆಲದಲ್ಲಿ ಮುದುಕನೊಬ್ಬ ತನ್ನ ಪಟ್ಟಾ ಪುಸ್ತಕವನ್ನು ದೇವರ ಗೂಡಿನಲ್ಲಿಟ್ಟು ನೆಮ್ಮದಿಯಿಂದ ಮಲಗುವುದು ಹೇಗೆ?

ಕೆರೆಗಳ ಕಥೆಯನ್ನು ಕನ್ನಡಿಗರು ಬೇರೆಯಾಗಿಯೇ ಕೇಳಬೇಕು. 1908ರ ಮೂಸಿ ಪ್ರವಾಹದಲ್ಲಿ ಈ ನಗರ ಕೊಚ್ಚಿಹೋದ ಮೇಲೆ ನಿಜಾಮರು ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆಯ ಫಲವಾಗಿ ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಪೂರ್ಣವಾದವು. ಆ ಕೆರೆಗಳಿಗೆ ನೀರು ಹರಿದುಬರುವ 84 ಹಳ್ಳಿಗಳಲ್ಲಿ ಮನಬಂದಂತೆ ಕಟ್ಟಬಾರದೆಂದು 1996ರ ಮಾರ್ಚ್‌ನಲ್ಲಿ ಸರಕಾರ 111ನೆಯ ಆದೇಶ ಹೊರಡಿಸಿತು. ಅಂದಿನಿಂದ "ಒನ್ ಒನ್ ಒನ್ ಇವತ್ತೋ ನಾಳೆಯೋ ಹೋಗುತ್ತದೆ ಸಾರ್, ಈಗಲೇ ಹಿಡಿಯಿರಿ" ಎಂಬುದು ದಲ್ಲಾಳಿಗಳ ಮಂತ್ರವಾಯಿತು. 2022ರಲ್ಲಿ ಅಂದಿನ ಸರಕಾರ ನಿರ್ಬಂಧ ಸಡಿಲಿಸುವ ಆದೇಶ ತಂದಿತು, 2023ರಲ್ಲಿ ಪೂರ್ತಿ ರದ್ದು ಎಂದು ಸಂಪುಟ ನಿರ್ಧರಿಸಿತು. ಸರಕಾರ ಬದಲಾಯಿತು. 2024ರ ಜುಲೈಯಲ್ಲಿ ಹೈಡ್ರಾ ಎಂಬ ಸಂಸ್ಥೆ ಹುಟ್ಟಿ ಕೆರೆಯಂಗಳದ ಕಟ್ಟಡಗಳಿಗೆ ಜೆಸಿಬಿ ಹಚ್ಚಿತು. ವಿಶ್ವೇಶ್ವರಯ್ಯನವರ ಜಯಂತಿಯಂದು ಭಾಷಣ ಮಾಡಿ, ಮರುದಿನ ಅವರ ಕೆರೆಯ ನೀರಿನ ದಾರಿಯಲ್ಲಿ ಪ್ಲಾಟು ನೋಡಲು ಹೋಗುವ ಕನ್ನಡಿಗನಿಗೆ ಏನೆನ್ನೋಣ!

"ಆದರೆ ಬೆಲೆ ಏರಿದೆಯಲ್ಲ" ಎಂಬುದು ಕೊನೆಯ ಬಾಣ. ಏರಿದೆ. 2023ರ ಆಗಸ್ಟಿನಲ್ಲಿ ಕೋಕಾಪೇಟೆಯಲ್ಲಿ ಎಕರೆಗೆ 100 ಕೋಟಿ 75 ಲಕ್ಷ ಕೂಗಿದರು. ಆ ಸುದ್ದಿ ಬಂದ ವಾರ ನಮ್ಮವರ ಮುಖಗಳೆಲ್ಲ ಅರಳಿದ್ದವು, ತಮ್ಮ ಜೇಬಿಗೇ ಬಂದಂತೆ. ಅಲ್ಲಿ ಮಾರಿದವರು ಸರಕಾರದವರು, ಕೊಂಡವರು ಕಟ್ಟಡ ಕಂಪನಿಯವರು. ಸದಾಶಿವಪೇಟೆಯ ದಾರಿಯ ಮುನ್ನೂರು ಗಜಕ್ಕೂ ಅದಕ್ಕೂ ನಂಟೇನು? ಸರಿ, ನಮ್ಮವರದೇ ಲೆಕ್ಕ ಹಾಕೋಣ. 2005ರಲ್ಲಿ ಹತ್ತು ಲಕ್ಷಕ್ಕೆ ಕೊಂಡ ಜಾಗ 2025ರಲ್ಲಿ ಅರವತ್ತು ಲಕ್ಷಕ್ಕೆ ಹೋಯಿತೆನ್ನಿ. ಆರು ಪಟ್ಟು ಎಂದು ಮೀಸೆ ತಿರುವುತ್ತಾರೆ. ಇಪ್ಪತ್ತು ವರ್ಷಕ್ಕೆ ಆರು ಪಟ್ಟು ಎಂದರೆ ವರ್ಷಕ್ಕೆ ಶೇ. 9.4, ಹೆಚ್ಚಿಲ್ಲ. ಇದರಲ್ಲಿ ಕೊಳ್ಳುವಾಗಿನ ನೋಂದಣಿ ಖರ್ಚು ಕಳೆಯಿರಿ, ಬೇಲಿ, ಕಾವಲು, ದಲ್ಲಾಳಿ, ಮಾರುವಾಗಿನ ತೆರಿಗೆ ಕಳೆಯಿರಿ. ಅದೇ ಇಪ್ಪತ್ತು ವರ್ಷ ಅಂಚೆ ಕಚೇರಿಯ ಪಿ.ಪಿ.ಎಫ್. ಶೇ. 7.1ರಿಂದ 8.8ರ ನಡುವೆ ಬಡ್ಡಿ ಕೊಟ್ಟಿದೆ, ತೆರಿಗೆಯಿಲ್ಲದೆ, ಕಲ್ಲು ಕಿತ್ತುಕೊಂಡು ಹೋಗುವವರಿಲ್ಲದೆ.

ಬಾಡಿಗೆಗೆಂದು ಕೊಳ್ಳುವ ಫ್ಲಾಟಿನದು ಇನ್ನೂ ಕನಿಷ್ಠ. ಒಂದು ಕೋಟಿಯ ಫ್ಲಾಟಿಗೆ ತಿಂಗಳಿಗೆ 25 ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ ಮೂರು ಲಕ್ಷ. ನಿರ್ವಹಣೆ, ಆಸ್ತಿ ತೆರಿಗೆ, ಬಣ್ಣ, ಬಾಡಿಗೆದಾರನಿಲ್ಲದ ಒಂದು ತಿಂಗಳು ಕಳೆದರೆ ಎರಡು ಲಕ್ಷದ ಮೇಲೆ ಚಿಲ್ಲರೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿಯನ್ನು 2023ರ ಏಪ್ರಿಲ್‌ನಲ್ಲಿ 30 ಲಕ್ಷಕ್ಕೆ ಏರಿಸಿ ಶೇ. 8.2 ಬಡ್ಡಿ ನಿಗದಿ ಮಾಡಿದರು. ಆ ದರದಲ್ಲಿ ಮೂವತ್ತು ಲಕ್ಷಕ್ಕೆ ವರ್ಷಕ್ಕೆ 2 ಲಕ್ಷ 46 ಸಾವಿರ, ಮೂರು ತಿಂಗಳಿಗೊಮ್ಮೆ 61,500 ರೂಪಾಯಿ. ಮೂವತ್ತು ಲಕ್ಷ ಮಾಡುವ ಕೆಲಸವನ್ನು ಒಂದು ಕೋಟಿ ಮಾಡಲಾರದು, ಮೇಲಾಗಿ ನಲ್ಲಿ ಸೋರುತ್ತಿದೆ ಎಂದು ಬಾಡಿಗೆದಾರ ರಾತ್ರಿ ಹತ್ತಕ್ಕೆ ಫೋನು ಮಾಡುತ್ತಾನೆ.

ಭೂಮಿಯ ಹುಚ್ಚು ಈ ಊರಿಗೆ ಏನು ಮಾಡಿದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಸತ್ಯಂ ಕಂಪ್ಯೂಟರ್ಸ್ ಮುಳುಗಿದ್ದು ತಂತ್ರಾಂಶದಿಂದಲ್ಲ. 2008ರ ಡಿಸೆಂಬರಿನಲ್ಲಿ ಅದರ ಆಡಳಿತ ಮಂಡಳಿ 160 ಕೋಟಿ ಡಾಲರು ತೆತ್ತು ಅದೇ ಕುಟುಂಬದ ಮೇಟಾಸ್ ಭೂಮಿ ಕಂಪನಿಗಳನ್ನು ಕೊಳ್ಳಲು ಹೊರಟಿತು. ಷೇರುದಾರರು ಗದ್ದಲ ಮಾಡಿ ಅದು ನಿಂತಿತು. ಮೂರು ವಾರಗಳಲ್ಲಿ, 2009ರ ಜನವರಿ 7ರಂದು, ಲೆಕ್ಕದಲ್ಲಿದ್ದ ಹಣ ಇಲ್ಲವೇ ಇಲ್ಲ ಎಂಬ ಪತ್ರ ಹೊರಬಿತ್ತು. ಇಲ್ಲದ ಹಣದ ಜಾಗಕ್ಕೆ ಇರುವ ಭೂಮಿಯನ್ನು ತಂದು ಕೂರಿಸುವ ಕೊನೆಯ ಯತ್ನ ಅದಾಗಿತ್ತೆಂದು ಆ ಪತ್ರದಲ್ಲೇ ಇತ್ತು. ಅಗ್ರಿಗೋಲ್ಡ್ ಎಂಬ ಸಂಸ್ಥೆ ಪ್ಲಾಟು ಕೊಡುತ್ತೇವೆಂದು ಆಂಧ್ರ, ತೆಲಂಗಾಣ, ಕರ್ನಾಟಕಗಳಲ್ಲೆಲ್ಲ ಲಕ್ಷಾಂತರ ಜನರಿಂದ ಎತ್ತಿದ ಹಣ ಆರು ಸಾವಿರ ಕೋಟಿಗೂ ಮೇಲೆ. ಅಮೀನ್‌ಪುರದಲ್ಲಿ ಕಟ್ಟಡ ಏಳುವ ಮೊದಲೇ ಫ್ಲಾಟು ಮಾರಿದ ಆರೋಪದ ಮೇಲೆ 2022ರ ಡಿಸೆಂಬರಿನಲ್ಲಿ ಮುಖ್ಯಸ್ಥರು ಬಂಧಿತರಾದ ಕಂಪನಿಯ ಹೆಸರು ಸಾಹಿತಿ. ಹೆಸರು ಕೇಳಿಯೇ ನಮ್ಮ ಕೆಲವರು ಮರುಳಾಗಿದ್ದರೆ ಆಶ್ಚರ್ಯವಿಲ್ಲ.

ರೆಕ್ಕೆಯೂ ವಂಚನೆಯೂ ಕೂಡಿಬಂದ ಪ್ರಸಂಗವೂ ಇಲ್ಲಿಯದೇ. 2025ರ ಮಾರ್ಚ್‌ನಲ್ಲಿ ಜಾರಿ ನಿರ್ದೇಶನಾಲಯ ಶಂಶಾಬಾದ್ ನಿಲ್ದಾಣದಲ್ಲಿ ಹಾಕರ್ 800ಎ ಎಂಬ ಪುಟ್ಟ ಜೆಟ್ಟನ್ನು ವಶಕ್ಕೆ ತೆಗೆದುಕೊಂಡಿತು. ಹೆಚ್ಚಿನ ಬಡ್ಡಿಯ ಆಸೆ ತೋರಿಸಿ ಸಾವಿರಾರು ಜನರಿಂದ ಹಣ ಪಡೆದ ಫಾಲ್ಕನ್ ಪ್ರಕರಣದ ಮುಖ್ಯ ಆರೋಪಿ ಆ ಜನವರಿಯಲ್ಲಿ ದೇಶ ಬಿಟ್ಟದ್ದು ಅದೇ ವಿಮಾನದಲ್ಲಿ ಎಂಬುದು ನಿರ್ದೇಶನಾಲಯದ ಹೇಳಿಕೆ. ಪ್ರಕರಣ ಇತ್ಯರ್ಥವಾಗುವವರೆಗೆ ಆರೋಪ ಆರೋಪವೇ. ಆದರೂ ಹಗುರ ವಿಮಾನದಿಂದ ಯಾರಿಗೆ ಪ್ರಯೋಜನ ಎಂದು ಕೇಳುವವರು ಇದನ್ನೊಮ್ಮೆ ನೆನೆಯಬಹುದು.

ಊರಕಡೆಯ ಸೈಟಿನ ವಿಷಯ ಹೆಚ್ಚು ಬರೆಯಲಾರೆ. ರೆವಿನ್ಯೂ ಸೈಟು, ಬಿ ಖಾತೆ, ಅಕ್ರಮ-ಸಕ್ರಮ ಎಂಬ ಶಬ್ದಗಳನ್ನು ಬೆಂಗಳೂರೇ ಕನ್ನಡಕ್ಕೆ ಕೊಟ್ಟಿದೆ. ಅರ್ಕಾವತಿ ಬಡಾವಣೆಗೆ 2004ರಲ್ಲಿ ಅಂತಿಮ ಅಧಿಸೂಚನೆ ಬಂತು. ಅಲ್ಲಿ ನಿವೇಶನ ಹಂಚಿಕೆಯಾದವರಲ್ಲಿ ಎಷ್ಟು ಜನ ಪಾಯ ತೋಡುವ ಮೊದಲೇ ಪೆನ್ಷನ್ ಕಟ್ಟಿಕೊಂಡರು! ಅದು ಸರಕಾರವೇ ಹಂಚಿದ ಜಾಗ. ಖಾಸಗಿಯವರದನ್ನು ಆರುನೂರು ಕಿಲೋಮೀಟರು ದೂರದಿಂದ ಕಾಯುವವರ ಗತಿ ಹೇಳುವುದೇ ಬೇಡ.

ಭೂಮಿಯನ್ನು ನಂಬಿದವರು ಕೆಟ್ಟದ್ದಿಲ್ಲ ಎಂಬ ಗಾದೆಯನ್ನು ನನಗೆ ಯಾರೂ ಎಸೆಯಬೇಡಿ. ಅದು ಉಳುವವನ ಗಾದೆ. ಬಿತ್ತಿ ಬೆಳೆದು ಉಣ್ಣುವವನು ಹೇಳಿದ ಮಾತನ್ನು ಹುಲ್ಲು ಬೆಳೆದ ಇನ್ನೂರು ಗಜದ ಸುತ್ತ ತಂತಿ ಬಿಗಿದವನು ತನ್ನದಾಗಿಸಿಕೊಳ್ಳುವುದು ಸಲ್ಲದು.

ನಮ್ಮ ಸಂಘಗಳೂ ಇದರಲ್ಲಿ ಪಾಲುದಾರರಾಗಿರುವುದರಿಂದಲೇ ಇದನ್ನು ಇಲ್ಲಿ ಬರೆದೆ. ರಾಜ್ಯೋತ್ಸವದ ವೇದಿಕೆಯ ಹಿಂದೆ ಭುವನೇಶ್ವರಿಯ ಚಿತ್ರಕ್ಕಿಂತ ದೊಡ್ಡದಾಗಿ ಬಡಾವಣೆಯೊಂದರ ಬ್ಯಾನರು, ಕವಿಗೋಷ್ಠಿಯ ನಡುವೆ "ನಮ್ಮ ಪ್ರಾಯೋಜಕರು ಎರಡು ಮಾತಾಡುತ್ತಾರೆ" ಎಂಬ ಘೋಷಣೆ, ಆಮೇಲೆ ಅರ್ಧ ಗಂಟೆ ಗಜದ ದರ. ಸಂಘದ ವೇದಿಕೆಯಿಂದ ಬಂದ ಮಾತೆಂದರೆ ನಮ್ಮವರು ನಂಬುತ್ತಾರೆ, ಅದೇ ಅವರಿಗೆ ಬೇಕಾದದ್ದು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರವನ್ನೂ ನೃಪತುಂಗ ಶಾಲೆಯನ್ನೂ ಕಟ್ಟಿದ ಹಿರಿಯರೂ ಜಾಗ ಹುಡುಕಿದವರೇ. ಗಜದ ದರ ಮುಂದೆಷ್ಟಾದೀತೆಂದು ಅವರು ಲೆಕ್ಕ ಹಾಕಿದ್ದರೆ ಅಲ್ಲಿ ಇಂದು ಕನ್ನಡದ ಅಕ್ಷರವಿರುತ್ತಿರಲಿಲ್ಲ, ಅಂಗಡಿ ಸಾಲಿರುತ್ತಿತ್ತು.

2016ರ ರಿಯಲ್ ಎಸ್ಟೇಟ್ ಕಾಯಿದೆ ಅನ್ವಯವಾಗುವ ಯಾವ ಯೋಜನೆಯನ್ನೂ ರೇರಾ ನೋಂದಣಿಯಿಲ್ಲದೆ ಮಾರುವುದಿರಲಿ, ಜಾಹೀರಾತು ಕೊಡುವುದೂ ಅಪರಾಧ. ಕರಾರುಪತ್ರ ನೋಂದಣಿಯಾಗುವ ಮೊದಲು ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ಲಿಖಿತವಾಗಿ ಮೂರು ವಿಷಯ ಇಟ್ಟಿದ್ದೇನೆ. ರೇರಾ ಸಂಖ್ಯೆಯಿಲ್ಲದ ಯಾವ ಬಡಾವಣೆಯ ಜಾಹೀರಾತೂ ಸಂಘದ ವೇದಿಕೆಯಲ್ಲಾಗಲಿ ಈ ಪತ್ರಿಕೆಯ ರಕ್ಷಾಪುಟದಲ್ಲಾಗಲಿ ಬರಕೂಡದು. ಸಂಖ್ಯೆಯಿದ್ದರೂ ಮೂವತ್ತು ವರ್ಷಗಳ ಋಣಭಾರ ಪತ್ರದ ಕನ್ನಡ ಅನುವಾದವನ್ನು ಸಂಘದ ಫಲಕದಲ್ಲಿ ಹಚ್ಚಬೇಕು. ವಿಮಾನದ ಪಾಲು ಮಾರಲು ಬರುವವರು ಸೆಬಿಯ ನೋಂದಣಿ ಪತ್ರವನ್ನೂ ವಿಮಾನದ ಹಾರಾಟ ದಿನಚರಿಯನ್ನೂ ಮೊದಲು ಖಜಾಂಚಿಯವರ ಮೇಜಿನ ಮೇಲಿಡಬೇಕು. ಪ್ರಾಯೋಜಕರು ಹೋದರೆ ರಾಜ್ಯೋತ್ಸವದ ಊಟಕ್ಕೆ ಏನು ಗತಿ ಎಂದು ಕಾರ್ಯದರ್ಶಿಗಳು ಕೇಳಿದ್ದಾರೆ. ತಲೆಗೆ ಇನ್ನೂರು ರೂಪಾಯಿ ಹಾಕೋಣ, ಹೋಳಿಗೆಯ ಬದಲು ಕೇಸರಿಬಾತು ಮಾಡೋಣ ಎಂದು ಉತ್ತರ ಬರೆದು ಕಳಿಸಿದ್ದೇನೆ.